ಯಂತ್ರದಿಂದ ನಾದವನ್ನು ಪಡೆಯುವ ಬಗೆ

ಸಂಗೀತಾಭ್ಯಾಸವಿರುವ ಮನೆಗಳಲ್ಲಿ ತಂಬೂರಿಯು ಈಗ ಬಹುಮಟ್ಟಿಗೆ ಗವಸು ತೊಟ್ಟುಕೊಂಡು ಮೂಲೆಯಲ್ಲಿ ನಿಂತಿರುತ್ತದೆ. ಶ್ರುತಿಯು ಹೊರಡುವುದು ಅಂಗೈಯಗಲದ ಫೋನಿನಿಂದ. ಬೆರಳಿನಿಂದ ಒಂದು ಸಲ ಮುಟ್ಟಿದರೆ ಸಾಕು, ಪಂಚಮ, ಷಡ್ಜ, ಷಡ್ಜ, ಮಂದ್ರಷಡ್ಜಗಳು ಸಾಲಾಗಿ ಮೊಳಗತೊಡಗುತ್ತವೆ. ಅದು ಶುದ್ಧವಾಗಿ ಮೊಳಗುತ್ತದೆಯೇ ಇಲ್ಲವೇ ಎಂಬುದನ್ನು ನಾವು ಕಿವಿಯಿಂದ ಪರೀಕ್ಷಿಸಿಕೊಳ್ಳುತ್ತೇವೆ. ಆದರೆ ಅದನ್ನು ರಚಿಸಿದವನು ಯಂತ್ರದೊಡನೆ ಯಾವ ಮಾತುಗಳಿಂದ ವ್ಯವಹರಿಸಿದನು, ಆ ಮಾತುಗಳನ್ನು ಅವನಿಗೆ ಗೊತ್ತುಮಾಡಿಕೊಟ್ಟವರು ಯಾರು ಎಂದು ವಿಚಾರಿಸುವವರು ವಿರಳ. ವಾಚಕರಲ್ಲಿ ಅನೇಕರ ಮಕ್ಕಳು ಈ ಉದ್ಯೋಗದಲ್ಲಿಯೇ ಇರುವರಷ್ಟೆ. ಅವರು ಊಟದ ಹೊತ್ತಿನಲ್ಲಿಯೂ ಬಿಡದೆ ಉಚ್ಚರಿಸುವ ‘ಎ.ಪಿ.ಐ.’ ಎಂಬ ಮೂರಕ್ಷರಗಳಲ್ಲಿ ಎಂತಹ ವಾದವಿವಾದಗಳು ಅಡಗಿವೆಯೆಂಬುದನ್ನು ನಾದದ ಉದಾಹರಣೆಯಿಂದ ನೋಡೋಣ.

ಎ.ಪಿ.ಐ. ಎಂದರೆ ಒಂದು ಪ್ರೋಗ್ರಾಮು ಇನ್ನೊಂದರಿಂದ ಕೆಲಸ ಮಾಡಿಸಿಕೊಳ್ಳುವಾಗ ಆಡಬಹುದಾದ ಮಾತುಗಳ ಪಟ್ಟಿ. ಇಂಥ ಮಾತಿಗೆ ಇಂಥ ಫಲವೆಂಬ ವಾಗ್ದಾನವೂ ಅದರಲ್ಲಿ ಸೇರಿದೆ. ಪಟ್ಟಿಯು ಚಿಕ್ಕದಾದಷ್ಟೂ ಕಲಿಯುವುದು ಸುಲಭ. ಆದರೆ ಪಟ್ಟಿಯಲ್ಲಿಲ್ಲದ್ದನ್ನು ಕೇಳುವಂತಿಲ್ಲ. ಪಟ್ಟಿ ದೊಡ್ಡದಾದರೆ ಏನನ್ನಾದರೂ ಕೇಳಬಹುದು. ಕೇಳುವುದನ್ನು ಕಲಿಯುವುದರಲ್ಲೇ ವರ್ಷಗಳು ಕಳೆಯುತ್ತವೆ. ಅಂಗಡಿಯಿಂದ ತಂದ ಸಾರಿನ ಪುಡಿಗೂ ಮನೆಯಲ್ಲಿ ಹುರಿದು ಕುಟ್ಟಿದ ಪುಡಿಗೂ ಇರುವ ಅಂತರವೇ ಇದು. ತಂದ ಪುಡಿಯಿಂದ ಹತ್ತು ನಿಮಿಷದಲ್ಲಿ ಸಾರಾಗುತ್ತದೆ, ಆದರೆ ಅದರೊಳಗಿನ ಮೆಣಸನ್ನು ಹೊರಕ್ಕೆ ತೆಗೆಯಲಾಗದು. ಜಾಣೆಯಾದ ಗೃಹಿಣಿ ತಂದ ಪುಡಿಗೇ ಒಂದು ಚಮಚ ಕೊತ್ತಂಬರಿಯನ್ನು ಹುರಿದು ಸೇರಿಸಿ ತನ್ನ ಮನೆಯ ರುಚಿಯನ್ನು ತಂದುಕೊಳ್ಳುತ್ತಾಳೆ. ಹೀಗೆ ನಡುವೆ ಕೈಹಾಕುವುದಕ್ಕೆ ಅವಕಾಶವುಂಟೆ ಎಂಬುದೇ ನಾನು ಇಲ್ಲಿ ವಿಚಾರಿಸಬೇಕೆಂದಿರುವ ಪ್ರಶ್ನೆ.

ನಾದದ ವಿಷಯದಲ್ಲಿ ಈ ಪ್ರಶ್ನೆ ಬೇರೆಡೆಗಿಂತ ಕಠಿನವಾಗುವುದಕ್ಕೆ ಒಂದು ಕಾರಣವಿದೆ. ಗಣಕಯಂತ್ರದಲ್ಲಿ ಶಬ್ದವೆಂದರೆ ಅಂಕೆಗಳ ಸಾಲು. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ. ತಟ್ಟೆಗಳಲ್ಲಿ ಪ್ರತಿ ಕಿವಿಗೂ ಸೆಕೆಂಡಿಗೆ 44,100 ಅಂಕೆಗಳಂತೆ ಬರೆದಿಡುವ ಕ್ರಮ ಏರ್ಪಟ್ಟಿತು. ಇಂದಿಗೂ ಅದು, ಅಥವಾ 48,000, ಸಾಮಾನ್ಯವಾದ ಲೆಕ್ಕ. ಈ ಅಂಕೆಗಳು ಧ್ವನಿವರ್ಧಕವನ್ನು ಹೊತ್ತಿಗೆ ಸರಿಯಾಗಿ ತಲುಪಲೇಬೇಕು. ಚಿತ್ರವೊಂದು ತುಸು ತಡವಾಗಿ ಮೂಡಿದರೆ ಕಣ್ಣು ಕ್ಷಮಿಸುತ್ತದೆ. ಅಂಕೆಗಳ ಸಾಲಿನಲ್ಲಿ ನಾಲ್ಕೈದು ಸಾವಿರದ ಒಂದು ಭಾಗ ಸೆಕೆಂಡಿನಷ್ಟು ಬಿಡುವಾದರೂ ಕಿವಿ ಕ್ಷಮಿಸದು. ‘ಟಕ್’ ಎಂಬ ಸದ್ದು ಕೇಳಿಸಿಯೇ ತೀರುತ್ತದೆ. ಆದುದರಿಂದ ನಾದದ ಎ.ಪಿ.ಐ.ಯನ್ನು ರಚಿಸುವವನು ಏನನ್ನು ಕೇಳಬಹುದೆಂಬುದನ್ನು ಮಾತ್ರವಲ್ಲದೆ, ಆ ಕೆಲಸವನ್ನು ಯಾವ ಆಳು ಯಾವ ಕೋಣೆಯಲ್ಲಿ ಕುಳಿತು ಮಾಡಬೇಕೆಂಬುದನ್ನೂ ನಿಶ್ಚಯಿಸಬೇಕಾಗುತ್ತದೆ. ಮುಂದಿನ ಕಥೆಯೆಲ್ಲ ಈ ಕೋಣೆಯ ವಿಷಯವಾದದ್ದೇ.

ಗಣಕಯಂತ್ರದಿಂದ ಸಂಗೀತವನ್ನು ಹೊರಡಿಸುವ ಪ್ರೋಗ್ರಾಮುಗಳ ಪರಂಪರೆಗೆ ಮೂಲಪುರುಷರೆನ್ನಬಹುದಾದವರು ಅಮೆರಿಕದ ಬೆಲ್ ಪ್ರಯೋಗಶಾಲೆಯ ಮ್ಯಾಕ್ಸ್ ಮ್ಯಾಥ್ಯೂಸ್ ಎಂಬ ಎಂಜಿನಿಯರರು. 1957ರಲ್ಲಿ ಅವರ ಪ್ರೋಗ್ರಾಮಿನಿಂದ ಐ.ಬಿ.ಎಂ. 704 ಯಂತ್ರವು 17 ಸೆಕೆಂಡುಗಳ ಒಂದು ಕೃತಿಯನ್ನು ಲೆಕ್ಕಹಾಕಿ ಕೊಟ್ಟಿತು. ಆಗ ಲೆಕ್ಕವನ್ನು ಮೊದಲು ಮುಗಿಸಿ, ಟೇಪಿನಲ್ಲಿ ಬರೆದು, ಆಮೇಲೆ ನುಡಿಸುತ್ತಿದ್ದುದರಿಂದ ಅವಸರದ ಪ್ರಶ್ನೆಯಿರಲಿಲ್ಲ. ಅದಕ್ಕಿಂತ ಮುಖ್ಯವಾದದ್ದು 1960ರ ಸುಮಾರಿಗೆ ಅವರಿಗೆ ಹೊಳೆದ ಉಪಾಯ. ಸ್ವರವನ್ನು ಹುಟ್ಟಿಸುವುದೊಂದು, ಕೂಡಿಸುವುದೊಂದು, ಹೆಚ್ಚುಕಡಮೆ ಮಾಡುವುದೊಂದು ಎಂಬಂತೆ ಚಿಕ್ಕ ಚಿಕ್ಕ ಘಟಕಗಳನ್ನು ಮಾಡಿಟ್ಟು, ಒಂದರ ಬಾಯಿಗೆ ಇನ್ನೊಂದರ ಕಿವಿಯನ್ನು ಜೋಡಿಸುವಂತೆ ರಚನಕಾರನಿಗೆ ಬಿಟ್ಟರೆ, ಅವನು ತನಗೆ ಬೇಕಾದ ವಾದ್ಯವನ್ನು ತಾನೇ ಕಟ್ಟಿಕೊಳ್ಳಬಹುದು ಎಂಬುದೇ ಆ ಉಪಾಯ. ಪುಡಿಯೂ ಅಲ್ಲ, ಇಡೀ ಕಾಳೂ ಅಲ್ಲ. ಹದವಾಗಿ ಹುರಿದು ಬೇರೆಬೇರೆ ಡಬ್ಬಿಗಳಲ್ಲಿಟ್ಟ ಸಂಬಾರ ಪದಾರ್ಥಗಳೆನ್ನಬಹುದು. ಅರುವತ್ತು ವರ್ಷಗಳ ಮೇಲಾದರೂ ಈ ಕಲ್ಪನೆ ಹಳತಾಗಿಲ್ಲ.

ಇನ್ನು ನಾವೆಲ್ಲರೂ ನಿತ್ಯವೂ ಬಳಸುವ ಬ್ರೌಸರಿಗೆ ಬರೋಣ. ಬ್ರೌಸರುಗಳಲ್ಲಿ ಶಬ್ದವನ್ನು ನುಡಿಸಲು ಮೊದಲು ಹೊರಗಿನ ಉಪಕರಣಗಳನ್ನು ಜೋಡಿಸಬೇಕಾಗಿತ್ತು. 2009ರ ಸುಮಾರಿಗೆ ‘ಆಡಿಯೋ’ ಎಂಬ ಒಂದೇ ಪದದ ಸೌಲಭ್ಯ ಬಂದಿತು: ಇಂಥ ಕಡತವನ್ನು ನುಡಿಸು ಎಂದು ಒಂದು ಸಾಲು ಬರೆದರೆ ಆಯಿತು. ಇದಕ್ಕಿಂತ ಸರಳವಾದದ್ದು ಸಾಧ್ಯವಿಲ್ಲ. ಹರಿಕಥೆಯನ್ನೋ ಪಾಠವನ್ನೋ ಕೇಳಿಸುವುದಕ್ಕೆ ಇಂದಿಗೂ ಇದೇ ಸಾಕು. ಆದರೆ ಇದರಿಂದ ತಂಬೂರಿಯನ್ನು ಮಾಡಹೊರಟರೆ ಸ್ವಲ್ಪದರಲ್ಲೇ ಗೋಡೆ ಎದುರಾಗುತ್ತದೆ. ಮುದ್ರಿಸಿದ ನಾದವು ಮುಗಿದು ಮತ್ತೆ ಆರಂಭವಾಗುವಲ್ಲಿ ಹೊಲಿಗೆ ಕೇಳಿಸುತ್ತದೆ. ವೇಗವನ್ನು ಬದಲಿಸಬಹುದು, ಆದರೆ ಬ್ರೌಸರು, ಕೇಳದೆಯೇ ಉಪಕಾರ ಮಾಡುವ ಬಂಧುವಿನಂತೆ, ಶ್ರುತಿ ಬದಲಾಗದಂತೆ ಸರಿಪಡಿಸಿಬಿಡುತ್ತದೆ. ಭಾಷಣ ಕೇಳುವವನಿಗೆ ಅದು ಉಪಕಾರವೇ ಸರಿ. ಶ್ರುತಿಯನ್ನೇ ಬದಲಿಸಬೇಕೆಂದಿರುವ ಗಾಯಕಿಗೆ ಮಾತ್ರ ಉಪದ್ರವ.

ಈ ಗೋಡೆಯನ್ನು ಒಡೆಯಲು ಎರಡು ಕಡೆಯಿಂದ ಪ್ರಯತ್ನ ನಡೆಯಿತು. ಮೊಜಿಲ್ಲಾ ಸಂಸ್ಥೆಯವರು 2011ರಲ್ಲಿ ಹೊರತಂದ ಫೈರ್‌ಫಾಕ್ಸ್ 4ರಲ್ಲಿ ಒಂದು ಅತಿ ಚಿಕ್ಕ ಪಟ್ಟಿಯನ್ನು ಕೊಟ್ಟರು. ಅದರ ತಾತ್ಪರ್ಯವಿಷ್ಟೆ: ಇಗೋ ನಾದದ ಅಂಕೆಗಳು, ಓದಿಕೊಳ್ಳಿ, ನಿಮ್ಮ ಅಂಕೆಗಳನ್ನು ಕೊಡಿ, ನುಡಿಸುತ್ತೇವೆ, ಮಿಕ್ಕದ್ದೆಲ್ಲ ನಿಮ್ಮ ಕೆಲಸ. ಅದೇ ಕಾಲದಲ್ಲಿ ಗೂಗಲ್ ಸಂಸ್ಥೆಯ ಕ್ರಿಸ್ ರಾಜರ್ಸ್ ಎಂಬುವರು ಮ್ಯಾಥ್ಯೂಸರ ದಾರಿಯನ್ನು ಹಿಡಿದು, ಸಿದ್ಧ ಘಟಕಗಳ ದೊಡ್ಡ ಪೆಟ್ಟಿಗೆಯೊಂದನ್ನು ತಯಾರಿಸಿದರು. ಸ್ವರವನ್ನು ಹುಟ್ಟಿಸುವ ಆಂದೋಲಕ, ಗಾತ್ರವನ್ನು ಏರಿಳಿಸುವ ಘಟಕ, ಶೋಧಕ, ತಡೆದು ಬಿಡುವ ವಿಳಂಬಕ, ಗುಡಿಯ ಮಂಟಪದಲ್ಲಿ ಹಾಡಿದಂತೆ ಮಾರ್ದನಿಯನ್ನು ತರುವ ಘಟಕ ಮುಂತಾದವೆಲ್ಲ ಅದರಲ್ಲಿದ್ದವು. ಇದೇ ‘ವೆಬ್ ಆಡಿಯೋ’. ಬ್ರೌಸರಿನಲ್ಲಿ ಪ್ರೋಗ್ರಾಮರನು ಬಳಸುವ ಜಾವಾಸ್ಕ್ರಿಪ್ಟ್ ಭಾಷೆಯು ಅಂಕೆಗಳನ್ನು ಹೊತ್ತಿಗೆ ಸರಿಯಾಗಿ ಲೆಕ್ಕಹಾಕಲಾರದು. ಆಗಾಗ ಕಸಗುಡಿಸಲೆಂದು ತಾನೇ ನಿಂತುಬಿಡುತ್ತದೆ. ಆದುದರಿಂದ ಲೆಕ್ಕವನ್ನು ಬ್ರೌಸರಿನ ಒಳಗೇ ಮಾಡಬೇಕು, ಪ್ರೋಗ್ರಾಮರನು ಜೋಡಣೆಯನ್ನು ಮಾತ್ರ ಹೇಳಬೇಕು ಎಂಬುದು ಆ ಪಕ್ಷದವರ ವಾದ. ಸಿದ್ಧ ಘಟಕಗಳು ಎಷ್ಟಿದ್ದರೂ ಸಾಲವು, ನಾಳೆ ಯಾರಿಗೆ ಯಾವುದು ಬೇಕಾಗುವುದೋ ಬಲ್ಲವರಾರು ಎಂಬುದು ಎದುರು ಪಕ್ಷದ ಉತ್ತರ.

ವೆಬ್ಬಿನ ನಿಯಮಗಳನ್ನು ಗೊತ್ತುಮಾಡುವ ಡಬ್ಲ್ಯು3ಸಿ ಎಂಬ ಸಭೆಯು 2011ರ ಡಿಸೆಂಬರಿನಲ್ಲಿ ಎರಡು ಕರಡುಗಳನ್ನು ಜೊತೆಯಾಗಿ ಪ್ರಕಟಿಸಿತು: ಒಂದು ರಾಜರ್ಸರದು, ಇನ್ನೊಂದು ಮೊಜಿಲ್ಲಾದ ರಾಬರ್ಟ್ ಓ’ಕ್ಯಾಲಹನ್ ಎಂಬುವರದು. ಎರಡನೆಯದರಲ್ಲಿ ಪ್ರೋಗ್ರಾಮರನೇ ಅಂಕೆಗಳ ಲೆಕ್ಕವನ್ನು ಬರೆಯಬಹುದಾಗಿತ್ತು. ಆದರೆ ಆ ಲೆಕ್ಕವನ್ನು ಪುಟದ ಮುಖ್ಯ ಕೆಲಸದಿಂದ ಬೇರ್ಪಟ್ಟ ಪ್ರತ್ಯೇಕ ಆಳಿಗೆ ಒಪ್ಪಿಸುವ ಏರ್ಪಾಡಿತ್ತು. ಸಭೆಯು ಮುಂದುವರಿಸಿದ್ದು ರಾಜರ್ಸರ ಕರಡನ್ನು. 2013ರಲ್ಲಿ ಫೈರ್‌ಫಾಕ್ಸ್ ಕೂಡ ಅದನ್ನೇ ಅಂಗೀಕರಿಸಿತು.

ಈಗ ಒಬ್ಬ ತರುಣನು ಈ ಘಟಕಗಳಿಂದ ತಂಬೂರಿಯನ್ನು ಕಟ್ಟಹೊರಟನೆಂದು ಭಾವಿಸೋಣ. ಆಂದೋಲಕವನ್ನು ತೆಗೆದುಕೊಂಡು ಷಡ್ಜದ ಕಂಪನಸಂಖ್ಯೆಯನ್ನು ಹೇಳಿದರೆ ಅರ್ಧ ನಿಮಿಷದಲ್ಲಿ ಸ್ವರ ಹೊರಡುತ್ತದೆ. ಎಂತಹ ಸಂತೋಷ! ಆದರೆ ಅದು ಸೀಟಿಯ ಸ್ವರ, ತಂತಿಯದಲ್ಲ. ತಂತಿಯ ನಾದಕ್ಕೆ ಬಹು ಅಂದವಾದ ಉಪಾಯವೊಂದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಕೆವಿನ್ ಕಾರ್ಪ್ಲಸ್, ಅಲೆಕ್ಸ್ ಸ್ಟ್ರಾಂಗ್ ಎಂಬ ಇಬ್ಬರ ಹೆಸರಿನಲ್ಲಿ 1983ರಲ್ಲಿ ಪ್ರಕಟವಾಗಿದೆ. ಕ್ಷಣಮಾತ್ರದ ಗರಗರ ಸದ್ದೊಂದನ್ನು ವಿಳಂಬಕದೊಳಕ್ಕೆ ಬಿಡಬೇಕು. ಅದು ಹೊರಬಂದೊಡನೆ ಸ್ವಲ್ಪ ಮೊಂಡುಮಾಡಿ ಮತ್ತೆ ಒಳಕ್ಕೆ ಕಳುಹಿಸಬೇಕು. ಸುತ್ತು ಹಾಕುತ್ತ ಹಾಕುತ್ತ ಆ ಗರಗರವೇ ಮೀಟಿದ ತಂತಿಯಂತೆ ಮಿಡಿದು ಮೆಲ್ಲನೆ ಆರುತ್ತದೆ. ಸುತ್ತಿಗೆ ಹಿಡಿಯುವ ಕಾಲವೇ ಶ್ರುತಿ. ವಿಳಂಬಕ, ಶೋಧಕ, ಗಾತ್ರದ ಘಟಕ ಈ ಮೂರನ್ನು ಬಳೆಯಂತೆ ಜೋಡಿಸಿದರೆ ವೆಬ್ ಆಡಿಯೋದಲ್ಲಿ ಇದು ಸಿದ್ಧಿಸುವಂತೆ ತೋರುತ್ತದೆ.

ಸಿದ್ಧಿಸುವುದೂ ಉಂಟು, ಒಂದು ಮಿತಿಯವರೆಗೆ. ಬ್ರೌಸರು ಅಂಕೆಗಳನ್ನು ಒಂದೊಂದಾಗಿ ಲೆಕ್ಕಹಾಕುವುದಿಲ್ಲ. 128ರ ಕಂತೆಗಳಾಗಿ ಲೆಕ್ಕಹಾಕುತ್ತದೆ. ಕೆಲಸದ ಉಳಿತಾಯಕ್ಕಾಗಿ ಮಾಡಿಕೊಂಡ ಏರ್ಪಾಡು ಅದು, ತಪ್ಪೇನಲ್ಲ. ಒಂದು ಕಂತೆಗೆ ಸುಮಾರು 2.9 ಮಿಲಿಸೆಕೆಂಡು, ಗಾಳಿಯಲ್ಲಿ ಶಬ್ದವು ಒಂದು ಮೀಟರು ಸಾಗುವುದಕ್ಕೆ ಬೇಕಾಗುವಷ್ಟು ಹೊತ್ತು. ಆದರೆ ಬಳೆಯಾಕಾರದ ಜೋಡಣೆಯಲ್ಲಿ ವಿಳಂಬವು ಒಂದು ಕಂತೆಗಿಂತ ಕಡಮೆಯಾಗಕೂಡದೆಂದು ನಿಯಮವಿದೆ. 44,100ನ್ನು 128ರಿಂದ ಭಾಗಿಸಿರಿ: ಸೆಕೆಂಡಿಗೆ ಸುಮಾರು 344 ಕಂಪನಗಳು. ಅದಕ್ಕಿಂತ ಮೇಲಿನ ಸ್ವರದಲ್ಲಿ ಈ ತಂತಿ ಮಿಡಿಯಲಾರದು! ಐದನೆಯ ಮನೆಯಲ್ಲಿ ಹಾಡುವ ಹೆಣ್ಣುಮಗಳ ಮಧ್ಯಷಡ್ಜವು ಸುಮಾರು 196 ಕಂಪನಗಳದ್ದು, ಚಿಂತೆಯಿಲ್ಲ. ಅವಳ ತಾರಷಡ್ಜ 392, ಅದಕ್ಕೆ ತಂತಿಯೇ ಇಲ್ಲ. ಇದಲ್ಲದೆ ನಡುವಣ ಶೋಧಕವೂ ತನ್ನ ಪಾಲಿನ ವಿಳಂಬವನ್ನು ಸೇರಿಸಿ ಶ್ರುತಿಯನ್ನು ತುಸು ಇಳಿಸುವುದರಿಂದ ಅದನ್ನೂ ಲೆಕ್ಕಕ್ಕೆ ತಂದುಕೊಳ್ಳಬೇಕು. ತಂಬೂರಿಯ ಪ್ರಾಣವಾದರೂ ಎಲ್ಲಿದೆ? ಕುದುರೆಯ ಮೇಲೆ ತಂತಿಯ ಅಡಿಯಲ್ಲಿ ಸಿಕ್ಕಿಸುವ ನೂಲಿನೆಳೆಯಲ್ಲಿ. ತಂತಿಯು ಕುದುರೆಯನ್ನು ಸವರಿ ಸವರಿ ಬಿಡುವುದರಿಂದ ಏಳುವ ಆ ಝೇಂಕಾರವನ್ನು ಕಟ್ಟಬೇಕಾದರೆ ಒಂದೊಂದು ಅಂಕೆಯಲ್ಲಿಯೂ ಹಿಂದಿನದನ್ನು ನೋಡಿ ಮುಂದಿನದನ್ನು ನಿರ್ಣಯಿಸಬೇಕು. ಮುಚ್ಚಿದ ಪೆಟ್ಟಿಗೆಗಳನ್ನು ಹೊರಗಿನಿಂದ ಎಷ್ಟು ಜೋಡಿಸಿದರೂ ಅದು ಕೈಗೂಡದು. ಸ್ವರವನ್ನು ಮೊದಲೇ ಲೆಕ್ಕಹಾಕಿ ತುಂಬಿಟ್ಟುಕೊಂಡು ನುಡಿಸುವ ಬಳಸುದಾರಿ ಇದೆ. ಅನೇಕರು ಅದನ್ನೇ ಹಿಡಿದರು. ಆದರೆ ನುಡಿಯುತ್ತಿರುವಾಗಲೇ ಬಿರಡೆಯನ್ನು ತಿರುಗಿಸುವ ಸ್ವಾತಂತ್ರ್ಯ ಆ ದಾರಿಯಲ್ಲಿ ಇಲ್ಲ.

ಇಂಥವರಿಗಾಗಿಯೇ ರಾಜರ್ಸರ ಪೆಟ್ಟಿಗೆಯಲ್ಲಿ ‘ಸ್ಕ್ರಿಪ್ಟ್ ಪ್ರೊಸೆಸರ್’ ಎಂಬ ಒಂದು ತೆರೆದ ಘಟಕವನ್ನೂ ಇಟ್ಟಿದ್ದರು. ಪ್ರೋಗ್ರಾಮರನು ಅದರೊಳಗೆ ತನ್ನ ಲೆಕ್ಕವನ್ನೇ ಬರೆಯಬಹುದು. ಆದರೆ ಅದನ್ನು ನಡೆಯಿಸುತ್ತಿದ್ದ ಆಳು ಪುಟವನ್ನು ಚಿತ್ರಿಸುವ, ಗುಂಡಿಯೊತ್ತಿದಾಗ ಉತ್ತರಕೊಡುವ ಅದೇ ಆಳು. ಒಲೆಯ ಮೇಲೆ ಹಾಲಿಟ್ಟು ನಿಂತವರನ್ನೇ ಬಾಗಿಲು ತೆರೆಯಲು ಕೂಗಿದಂತಾಯಿತು. ಪುಟದಲ್ಲಿ ಏನಾದರೂ ಕೆಲಸ ಹೆಚ್ಚಾದರೆ ನಾದವು ಮುರಿಯುತ್ತಿತ್ತು. ಮುರಿಯದಿರಲೆಂದು ಅಂಕೆಗಳನ್ನು ಮುಂಗಡವಾಗಿ ಕೂಡಿಟ್ಟುಕೊಳ್ಳಬಹುದಾಗಿತ್ತು, 256ರಿಂದ 16,384ರವರೆಗೆ. ಅತಿ ದೊಡ್ಡದನ್ನು ಆರಿಸಿದರೆ ಸೆಕೆಂಡಿನ ಮೂರನೆಯ ಒಂದು ಭಾಗಕ್ಕೂ ಹೆಚ್ಚು ತಡ. ಚುರುಕಾದ ಹಾಡಿನಲ್ಲಿ ಅಷ್ಟರೊಳಗೆ ತಾಳದ ಒಂದು ಪೆಟ್ಟು ದಾಟಿ ಹೋಗಿರುತ್ತದೆ. 2014ರಲ್ಲಿ ಸಭೆಯವರು ಈ ಘಟಕವನ್ನು ತ್ಯಾಜ್ಯವೆಂದು ಸಾರಿದರು. ಅದರ ಸ್ಥಾನಕ್ಕೆ ಬರಬೇಕಾದ ‘ಆಡಿಯೋ ವರ್ಕ್‌ಲೆಟ್’, ಎಂದರೆ ನಾದದ ಲೆಕ್ಕಕ್ಕೆಂದೇ ಮೀಸಲಾದ ಕೋಣೆಯಲ್ಲಿ ಪ್ರೋಗ್ರಾಮರನ ಲೆಕ್ಕವನ್ನು ನಡೆಯಿಸುವ ಏರ್ಪಾಡು, ಕ್ರೋಮ್ ಬ್ರೌಸರಿನಲ್ಲಿ ಬಂದದ್ದು 2018ರಲ್ಲಿ, ಫೈರ್‌ಫಾಕ್ಸಿನಲ್ಲಿ 2020ರಲ್ಲಿ, ಸಫಾರಿಯಲ್ಲಿ 2021ರಲ್ಲಿ. ಹಳೆಯ ಸೇತುವೆ ಅಪಾಯಕರವೆಂದು ಹಲಗೆ ತಗುಲಿಸಿ, ಹೊಸದನ್ನು ಕಟ್ಟಲು ನಾಲ್ಕರಿಂದ ಏಳು ವರ್ಷ ಹಿಡಿದಂತಾಯಿತು.

ನನ್ನ ಅಭಿಪ್ರಾಯದಲ್ಲಿ ಸಿದ್ಧ ಘಟಕಗಳನ್ನು ಆರಿಸಿಕೊಂಡದ್ದು ದೋಷವಲ್ಲ. ಅಂದಿನ ಯಂತ್ರಗಳ ಶಕ್ತಿಗೆ ಅವು ಬೇಕಾಗಿದ್ದವು, ಕಲಿಯುವವರಿಗೆ ಇಂದಿಗೂ ಬೇಕು. ಒರಳುಕಲ್ಲನ್ನು ಅಡುಗೆಮನೆಯಲ್ಲಿಡದೆ ಹಾದುಹೋಗುವವರ ಕಾಲಿಗೆ ಸಿಕ್ಕುವಂತೆ ಪಡಸಾಲೆಯಲ್ಲಿಟ್ಟದ್ದೇ ದೋಷ. ಬೇರೆ ಆಳಿಗೆ ಲೆಕ್ಕವನ್ನೊಪ್ಪಿಸುವ ವಿಚಾರ 2011ರ ಎರಡನೆಯ ಕರಡಿನಲ್ಲಿಯೇ ಇದ್ದಿತಲ್ಲವೆ? ಅದನ್ನು ಆಗಲೇ ಮೊದಲನೆಯದರೊಡನೆ ಕೂಡಿಸಿದ್ದರೆ, ಸರಳವಾದದ್ದನ್ನು ಕಲಿತವನು ಮುಂದಿನ ಮೆಟ್ಟಿಲನ್ನು ಹುಡುಕುತ್ತ ವರ್ಷಗಟ್ಟಲೆ ನಿಲ್ಲಬೇಕಾಗುತ್ತಿರಲಿಲ್ಲ.

ಇಷ್ಟರಲ್ಲಿ ಇನ್ನೊಂದು ಪ್ರಸಂಗ ನಡೆಯಿತು. ಇದು ಪ್ರೋಗ್ರಾಮರರಿಗಿಂತ ಹೆಚ್ಚಾಗಿ ಗೃಹಸ್ಥರಿಗೆ ಸಂಬಂಧಪಟ್ಟದ್ದು. ಪುಟವನ್ನು ತೆರೆದೊಡನೆ ಜಾಹೀರಾತುಗಳು ತಾವಾಗಿಯೇ ಅರಚತೊಡಗುವ ಪೀಡೆಯನ್ನು ಯಾರು ತಾನೆ ಅನುಭವಿಸಿಲ್ಲ? ಅದನ್ನು ತಡೆಯಲೆಂದು 2018ರ ಏಪ್ರಿಲಿನಲ್ಲಿ ಬಂದ ಕ್ರೋಮ್ 66ರಲ್ಲಿ, ಓದುಗನು ಪುಟವನ್ನು ಮುಟ್ಟುವ ಮೊದಲು ಶಬ್ದವು ಹೊರಡಕೂಡದೆಂಬ ನಿಯಮವನ್ನು ಜಾರಿಗೆ ತಂದರು. ಉದ್ದೇಶವು ಸಾಧುವಾದದ್ದೇ. ಆದರೆ ವೆಬ್ ಆಡಿಯೋದಿಂದ ರಚಿಸಿದ್ದ ಹಳೆಯ ಆಟಗಳು, ಕಲಾಕೃತಿಗಳು ಎಷ್ಟೋ ಇದ್ದಕ್ಕಿದ್ದಂತೆ ಮೂಕವಾದವು. ಅವು ಪುಟ ತೆರೆದೊಡನೆ ನಾದದ ಏರ್ಪಾಡನ್ನು ಮಾಡಿಕೊಳ್ಳುತ್ತಿದ್ದವು. ಮುಟ್ಟಿದ ಮೇಲೆ ‘ಮತ್ತೆ ಆರಂಭಿಸು’ ಎಂದು ಬೇರೆಯಾಗಿ ಹೇಳಬೇಕೆಂಬುದು ಬರೆದವರಿಗೆ ಆಗ ತಿಳಿಯುವಂತಿರಲಿಲ್ಲ. ಬರೆದವರಲ್ಲಿ ಹಲವರು ಆ ಕೆಲಸವನ್ನು ಬಿಟ್ಟು ಬೇರೆಡೆಗೆ ಹೋಗಿದ್ದರು, ತಿದ್ದುವವರು ಯಾರು? ಕೂಗು ಎದ್ದುದರಿಂದ ಮೇ ತಿಂಗಳಲ್ಲಿ ಗೂಗಲಿನವರು ವೆಬ್ ಆಡಿಯೋದ ಮಟ್ಟಿಗೆ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡರು. ಅದೇ ವರ್ಷದ ಡಿಸೆಂಬರಿನಲ್ಲಿ ಕ್ರೋಮ್ 71ರೊಡನೆ ಅದು ಮರಳಿ ಬಂದಿತು, ಒಂದು ಮಾರ್ಪಾಟಿನೊಂದಿಗೆ: ಓದುಗನು ಪುಟವನ್ನು ಮುಟ್ಟಿದ ಮೇಲೆ ಪ್ರೋಗ್ರಾಮು ಯಾವುದಾದರೊಂದು ಸ್ವರವನ್ನು ‘ಆರಂಭಿಸು’ ಎಂದರೆ ಸಾಕು, ಮಲಗಿದ್ದ ಏರ್ಪಾಡು ತಾನಾಗಿ ಎಚ್ಚರಗೊಳ್ಳುವುದು. ಇದರಿಂದ ಬಹಳ ಕೃತಿಗಳಿಗೆ ಬಾಯಿ ಬಂದಿತು, ಎಲ್ಲಕ್ಕೂ ಅಲ್ಲ. ಎ.ಪಿ.ಐ. ಎಂಬುದು ವಾಗ್ದಾನವೆಂದು ಮೇಲೆ ಹೇಳಿದೆನಷ್ಟೆ. ಕೊಟ್ಟ ಮಾತನ್ನು ನಂಬಿ ಮನೆ ಕಟ್ಟಿದವರು ಎಷ್ಟು ಮಂದಿಯೆಂಬುದು ಮಾತನ್ನು ಬದಲಿಸಿದ ಮೇಲೆಯೇ ತಿಳಿಯುತ್ತದೆ.

ಸರಳತೆಯನ್ನು ಹೊರಗಿನಿಂದ ಕೂಡಿಸುವ ಮಾರ್ಗವೂ ಒಂದಿದೆ. ಯೋಟಂ ಮ್ಯಾನ್ ಎಂಬುವರು ರಚಿಸಿದ ‘ಟೋನ್’ ಎಂಬ ಪ್ರೋಗ್ರಾಮು-ಭಂಡಾರವು ವೆಬ್ ಆಡಿಯೋದ ಮೇಲೆ ಕಟ್ಟಿದ್ದು. ಅದರಲ್ಲಿ ಕಂಪನಸಂಖ್ಯೆಗಳ ಗೊಡವೆಯಿಲ್ಲ; ಇಂಥ ಸ್ವರವನ್ನು ಇಷ್ಟು ಮಾತ್ರೆಯ ಕಾಲ ನುಡಿಸು ಎಂದು ಸಂಗೀತಗಾರನ ಭಾಷೆಯಲ್ಲಿಯೇ ಹೇಳಬಹುದು. ಗಾತ್ರವನ್ನು ತಟ್ಟನೆ ಬದಲಿಸಿದರೆ ಬರುವ ‘ಟಕ್’ ಸದ್ದನ್ನು ತಪ್ಪಿಸಲು ಮೆಲ್ಲಮೆಲ್ಲನೆ ಏರಿಸಬೇಕೆಂಬುದು, ಒಮ್ಮೆ ನಿಲ್ಲಿಸಿದ ಆಂದೋಲಕವನ್ನು ಮತ್ತೆ ನುಡಿಸುವಂತಿಲ್ಲದೆ ಹೊಸದನ್ನು ಮಾಡಿಕೊಳ್ಳಬೇಕೆಂಬುದು, ಇವೇ ಮೊದಲಾಗಿ ಹೊಸಬನ ತಾಳ್ಮೆಯನ್ನು ಕೆಡಿಸುವ ಸೂಕ್ಷ್ಮಗಳನ್ನೆಲ್ಲ ಅದು ತಾನೇ ನೋಡಿಕೊಳ್ಳುತ್ತದೆ. ಹಾಗೆಂದು ಕೆಳಗಿನ ಘಟಕಗಳನ್ನು ಬಚ್ಚಿಡುವುದಿಲ್ಲ. ಬೇಕಾದವನು ಅವುಗಳನ್ನೇ ತಂದು ನಡುವೆ ಜೋಡಿಸಬಹುದು. ಕೊತ್ತಂಬರಿಯನ್ನು ಹುರಿದು ಸೇರಿಸಲು ಎಡೆಯಿಟ್ಟ ಪುಡಿಯೆಂದರೆ ಇದು. ಬೆಂಗಳೂರಿನ ರಾಡೆಲ್ ಸಂಸ್ಥೆಯವರದೇ ಮೊದಲಾದ ವಿದ್ಯುತ್ ತಂಬೂರಿಗಳು ಫೋನಿಗಿಂತ ಮುಂಚೆಯೇ ನಮ್ಮ ಮನೆಗಳಲ್ಲಿ ಸಲ್ಲುತ್ತಿದ್ದುದಕ್ಕೆ, ಬಳಸುವವರು ಮುಟ್ಟಬೇಕಾದ ಗುಂಡಿಗಳು ಕೆಲವೇ ಆಗಿದ್ದುದು ಒಂದು ಕಾರಣವಿರಬೇಕು.

ವೆಬ್ ಆಡಿಯೋ 2021ರ ಜೂನ್ 17ರಂದು ಡಬ್ಲ್ಯು3ಸಿಯ ಪೂರ್ಣ ಶಿಫಾರಸಾಗಿ ಪ್ರಕಟವಾಯಿತು. ವರ್ಕ್‌ಲೆಟ್ಟಿನ ಬಾಗಿಲು ತೆರೆದ ಮೇಲೆ ಹಳೆಯ ಬಲವಾದ ವ್ಯವಸ್ಥೆಗಳು ಬ್ರೌಸರಿನೊಳಕ್ಕೆ ಬರಲಾರಂಭಿಸಿವೆ. ಮ್ಯಾಥ್ಯೂಸರ ಪ್ರೋಗ್ರಾಮುಗಳ ವಂಶದಲ್ಲಿಯೇ ಹುಟ್ಟಿ, 1986ರಲ್ಲಿ ಬ್ಯಾರಿ ವರ್ಕೋ ಎಂಬುವರಿಂದ ರೂಪುಗೊಂಡ ‘ಸಿಸೌಂಡ್’ ಈಗ ಬ್ರೌಸರಿನಲ್ಲಿಯೇ ನಡೆಯುತ್ತದೆ. ನಮ್ಮ ತಂಬೂರಿಯ ತರುಣನು ತನ್ನ ತಂತಿಯನ್ನೂ ಕುದುರೆಯನ್ನೂ ಅಂಕೆ ಅಂಕೆಯಾಗಿ ಲೆಕ್ಕಹಾಕಿ ಝೇಂಕಾರವನ್ನು ಎಬ್ಬಿಸಬಹುದು, ತಾರಷಡ್ಜಕ್ಕೂ ಅಡ್ಡಿಯಿಲ್ಲ. ಅದಕ್ಕೆ ತೆರಬೇಕಾದ ಬೆಲೆಯೂ ಇದೆ. ಲೆಕ್ಕವನ್ನು ಬೇರೊಂದು ಕಡತದಲ್ಲಿ ಬರೆಯಬೇಕು, ಆ ಕೋಣೆಯಿಂದ ಪುಟವು ಕಾಣುವುದಿಲ್ಲವಾದುದರಿಂದ ಇಲ್ಲಿಗೂ ಅಲ್ಲಿಗೂ ಚೀಟಿಗಳನ್ನು ಕಳುಹಿಸುತ್ತಿರಬೇಕು, 2.9 ಮಿಲಿಸೆಕೆಂಡಿನೊಳಗೆ ಕಂತೆಯನ್ನು ಒಪ್ಪಿಸದಿದ್ದರೆ ನಾದ ಮುರಿಯುವ ಹೊಣೆ ಈಗ ಅವನದೇ. ಆ 128ರ ಕಂತೆಯ ಗಾತ್ರವನ್ನಾದರೂ ತನ್ನ ಅನುಕೂಲದಂತೆ ಕೇಳಿಕೊಳ್ಳುವ ಅವಕಾಶವನ್ನು ಮುಂದಿನ ಆವೃತ್ತಿಯ ಕರಡಿನಲ್ಲಿ ಸೇರಿಸಿದ್ದಾರೆ.